ಬೆಂಗಳೂರಲ್ಲಿ ಪುಕ್ಕಟೆ ಏನೈತೆ ಕಂಡಕ್ಟರ್ರೇ?

ಬಸ್ಸಿನ ಕಂಡಕ್ಟರ್ ಆದವನು ನಗು ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ. ಅದೇ ಟಿಕೆಟ್ ತಗೊಂಡು ಹತ್ತುತ್ತದೆ. ಕೆಲವು ಸಲ ಟಿಕೆಟ್ ತಗೊಳ್ಳದೆಯೂ ಹತ್ತುತ್ತದೆ.

ಎಪ್ಪತ್ತು ಎಂಬತ್ತರ ದಶಕದಲ್ಲಿ ನಾನು ಅಜ್ಜಂಪುರದಿಂದ ಬೆಂಗಳೂರಿಗೆ ಓಡುತ್ತಿದ್ದ ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದೆ. ಕೋಳಿ ಕೂಗುವ ಹೊತ್ತಿಗೆ ಅಜ್ಜಂಪುರ ಬಿಟ್ಟು, ತರೀಕೆರೆ, ಬೀರೂರು, ಕಡೂರು ಅಂತ ಜನ ತುಂಬಿಕೊಂಡು ಮಧ್ಯಾಹ್ನಕ್ಕೆ ಬೆಂಗಳೂರು ಸೇರುತ್ತಿದ್ದೆವು. ಅವತ್ತು ಅಲ್ಲೇ ತಂಗಿ, ಮರುದಿನ ಮಧ್ಯಾಹ್ನದ ಮೇಲೆ ವಾಪಸು. ಹಾಗಾಗಿ ನಿನ್ನೆ ನಮ್ಮ ಜೊತೆ ಬಂದವರೇ ಇವತ್ತು ನಮ್ಮ ಜೊತೆ ಊರಿಗೆ ಹೊರಡುತ್ತಿದ್ದರು.

ನಮ್ಮ ಕಡೆಯವರು ಸುಮ್ಮಸುಮ್ಮನೆ ಬೆಂಗಳೂರಿಗೆ ಬರುವವರಲ್ಲ. ಆಸ್ಪತ್ರೆ, ಆಫೀಸು, ವಕೀಲರು, ಏನಾದರೊಂದು ಕೆಲಸ ಇರಬೇಕು. ಆ ಕೆಲಸ ಬೇಗ ಮುಗಿಯುತ್ತಿತ್ತು, ಇಲ್ಲವೇ ಸಾಹೇಬರು ರಜೆಯ ಮೇಲಿರುತ್ತಿದ್ದರು. ಎರಡರಲ್ಲೂ ಹೊತ್ತು ಉಳಿಯುತ್ತಿತ್ತು. ಆಗ ನನ್ನ ಹತ್ತಿರ ಬಂದು, "ಬಸ್ಸು ಬಿಡೋತಂಕ ಕಾಸು ಖರ್ಚಿಲ್ದಂಗೆ ನೋಡೋದು ಏನೈತೆ ಕಂಡಕ್ಟರ್ರೇ?" ಅನ್ನುತ್ತಿದ್ದರು.

ನಿಜ ಹೇಳಬೇಕೆಂದರೆ ನನಗೆ ಗೊತ್ತಿದ್ದ ಬೆಂಗಳೂರು ಅಂದರೆ ಬಸ್ ಸ್ಟ್ಯಾಂಡು, ಅದರ ಹಿಂದಿನ ಮೆಸ್ಸು, ನಾವು ಮಲಗುತ್ತಿದ್ದ ಒಂದು ರೂಮು. ಆದರೆ ದಿನ ಬಿಟ್ಟು ದಿನ ಬೆಂಗಳೂರಿಗೆ ಹೋಗುವ ಕಂಡಕ್ಟರು ಗೊತ್ತಿಲ್ಲ ಅಂದರೆ ಯಾರು ನಂಬುತ್ತಾರೆ? ನೋಡಿ ಬಂದವರು ಹೇಳಿದ್ದನ್ನೇ ಹೊಸದಾಗಿ ಬಂದವರಿಗೆ ಹೇಳಿಬಿಡುತ್ತಿದ್ದೆ. ಒಬ್ಬರ ಗೊಂದಲ ಇನ್ನೊಬ್ಬರಿಗೆ ದಾರಿಯಾಗುತ್ತಿತ್ತು. ನಮ್ಮ ಡ್ರೈವರು ಮಾತ್ರ ಜಾಣ. ಬೀರೂರಿನವನು. ಯಾರು ಏನು ಕೇಳಿದರೂ, "ನಾನು ರೋಡು ಮಾತ್ರ ನೋಡೋದು" ಅಂದುಬಿಡುತ್ತಿದ್ದ.

ಎತ್ತರದ ಕಟ್ಟಡ

ಸಖರಾಯಪಟ್ಟಣದ ಕಡೆಯ ಗೌಡರೊಬ್ಬರು, ಅವರ ಹೆಂಡತಿ, ಆಸ್ಪತ್ರೆಯಲ್ಲಿದ್ದ ನೆಂಟರನ್ನು ನೋಡಲು ಬಂದಿದ್ದರು. ನೋಡಿದ್ದಾಯಿತು, ಹೊತ್ತು ಉಳಿಯಿತು. ಆಗಿನ್ನೂ ಬೆಂಗಳೂರಿನಲ್ಲಿ ಎತ್ತರದ ಕಟ್ಟಡ ಅಂದರೆ ಒಂದೋ ಎರಡೋ. "ದೊಡ್ಡ ರಸ್ತೇಲಿ ಮೋಡ ಮುಟ್ಟೋ ಹಂಗೆ ಒಂದು ಬಿಲ್ಡಿಂಗ್ ಕಟ್ಟವ್ರೆ. ಮೇಲಕ್ಕೆ ಹೋಗಿ ನಿಂತ್ರೆ ಇಡೀ ಊರು ಕಾಣುತ್ತಂತೆ, ದುಡ್ಡಿಲ್ಲ" ಅಂತ ಹೇಳಿ ಕಳಿಸಿದೆ.

ಮರುದಿನ ಬಸ್ಸಿಗೆ ಬಂದಾಗ ಗೌಡರ ಮುಖ ಗಂಟಿಕ್ಕಿತ್ತು. ಹೆಂಡತಿ ಮಾತ್ರ ಖುಷಿಯಾಗಿದ್ದರು.

"ಮೇಲಿಂದ ಊರು ಕಾಣ್ತಾ ಗೌಡ್ರೇ?" ಅಂದೆ.

"ಮೇಲಕ್ಕೆ ಎಲ್ಲಿ ಬಿಟ್ಟ ಅವ್ನು? ಬಾಗ್ಲಲ್ಲಿ ಒಬ್ಬ ಖಾಕಿ ಬಟ್ಟೆಯೋನು ಸ್ಟೂಲ್ ಮೇಲೆ ಕೂತಿದ್ದ. ಮೇಲಕ್ಕೋಗ್ಬೇಕು ಅಂದೆ. ಬನ್ನಿ ಅಂತ ಒಂದು ಕಬ್ಬಿಣದ ಪುಟ್ಟ ರೂಮಿಗೆ ಕರ್ಕೊಂಡು ಬಾಗ್ಲು ಹಾಕ್ದ. ಕಿಟಕಿ ಸೈತ ಇಲ್ಲ. ಸರತಿ ಬರೋತಂಕ ಕಾಯ್ಬೇಕೇನೋ ಅಂತ ನಿಂತ್ವಿ. ಬಾಗ್ಲು ತೆಗೆದ, ಎದುರಿಗೆ ಬ್ಯಾಂಕು. ಹಾಕ್ದ, ತೆಗೆದ, ಎದುರಿಗೆ ಯಾರೋ ಟೈಪು ಹೊಡೀತಾವ್ರೆ. ಮತ್ತೆ ಹಾಕ್ದ, ತೆಗೆದ, ಬರೀ ಗೋಡೆ. ನಾವು ಇದ್ದಲ್ಲೇ ಇದ್ವಿ ಕಣಪ್ಪಾ. ಎದುರಿಗಿರೋದನ್ನ ಬದಲಾಯಿಸ್ತಾ ಇದ್ರು."

ಹೆಂಡತಿ ವಿವರಿಸಿದರು: "ಕಂಪನಿ ನಾಟಕದಾಗೆ ಪರದೆ ಬದಲಾಯಿಸಲ್ವಾ? ಅರಮನೆ ಹೋಗಿ ಕಾಡು ಬರುತ್ತಲ್ಲ, ಹಂಗೆ. ಭಾರಿ ಚೆನ್ನಾಗಿತ್ತು. ನೋಡ್ತಾ ನೋಡ್ತಾ ಹಸಿವಾಯ್ತು, ಅಲ್ಲೇ ಕೂತು ಬುತ್ತಿ ಬಿಚ್ಚಿದ್ವಿ."

"ಅವನು ಏನೂ ಅನ್ಲಿಲ್ವಾ?"

"ಎಲ್ಲಿ ಇಳೀತೀರಿ ಅಂದ," ಎಂದರು ಗೌಡರು. "ಕಡೂರಲ್ಲಿ ಇಳಿದು ಸಖರಾಯಪಟ್ಟಣಕ್ಕೆ ಬೇರೆ ಬಸ್ ಹಿಡೀತೀವಿ ಅಂದೆ. ಆಮೇಲೆ ಅವ್ನು ಮಾತೇ ಆಡ್ಲಿಲ್ಲ."

ಆ ರೂಮೇ ಮೇಲಕ್ಕೂ ಕೆಳಕ್ಕೂ ಹೋಗುತ್ತೆ, ನೀವು ಎಷ್ಟೋ ಸಲ ತುದಿ ಮುಟ್ಟಿ ಬಂದಿದ್ದೀರಿ ಅಂತ ನಾನು ಬಿಡಿಸಿ ಹೇಳಿದೆ. ಗೌಡರು ಸಮಾಧಾನವಾಗಿ ಕೇಳಿಸಿಕೊಂಡರು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು ಅಂದರು: "ನೀನು ಹಳ್ಳಿ ಹುಡುಗ, ಪೇಟೆಯೋರು ಹೇಳಿದ್ದನ್ನೆಲ್ಲ ನಂಬಬೇಡ. ರೂಮು ಮೇಲಕ್ಕೆ ಹೋಗಿದ್ರೆ ಚೊಂಬಲ್ಲಿದ್ದ ಮಜ್ಜಿಗೆ ತುಳುಕಬೇಕಿತ್ತಲ್ಲ?"

ಕೆಂಪು ಕಟ್ಟಡ

ಅಮೃತಾಪುರದ ಒಬ್ಬ ಅತ್ತೆ, ಸೊಸೆ. ಸೊಸೆ ಎಸ್ಸೆಸ್ಸೆಲ್ಸಿ ಪಾಸಾದವಳು, ಯಾವುದೋ ಕೆಲಸದ ಇಂಟರ್‌ವ್ಯೂಗೆ ಬಂದಿದ್ದಳು. ಹುಡುಗಿಯನ್ನು ಒಬ್ಬಳೇ ಕಳಿಸುವುದು ಹೇಗೆ ಅಂತ ಅತ್ತೆ ಜೊತೆಗೆ ಬಂದಿದ್ದರು. ಇಂಟರ್‌ವ್ಯೂ ಮುಗಿಯುವವರೆಗೆ ಅತ್ತೆ ಎಲ್ಲಿ ಕೂರಬೇಕು ಅನ್ನುವುದು ಪ್ರಶ್ನೆ. "ಆಫೀಸಿನ ಹತ್ರಾನೇ ದೊಡ್ಡ ಪಾರ್ಕಿದೆ. ಅದರೊಳಗೆ ಒಂದು ಕೆಂಪು ಕಟ್ಟಡ ಇದೆ. ನೆರಳಲ್ಲಿ ಎಷ್ಟೊತ್ತು ಕೂತ್ರೂ ಯಾರೂ ಏಳು ಅನ್ನಲ್ಲ" ಅಂದೆ. ಆ ಪಾರ್ಕಿನ ಸುತ್ತಮುತ್ತ ಇರುವ ಕಟ್ಟಡಗಳೆಲ್ಲ ಕೆಂಪೇ ಅನ್ನುವುದು ನನಗೆ ಹೇಗೆ ಗೊತ್ತಿರಬೇಕು?

ಅತ್ತೆ ಹೋಗಿ ಹೊಕ್ಕಿದ್ದು ಲೈಬ್ರರಿ. ಆಯಮ್ಮ ಲೈಬ್ರರಿ ಅನ್ನುವುದನ್ನು ಹಿಂದೆ ಕಂಡಿರಲಿಲ್ಲ. ಒಳಗೆ ಕಾಲಿಟ್ಟರೆ ದೊಡ್ಡ ಹಾಲು, ತುಂಬ ಜನ, ಎಲ್ಲರೂ ತಲೆ ತಗ್ಗಿಸಿ ಕೂತಿದ್ದಾರೆ, ಒಬ್ಬರೂ ಮಾತಾಡುತ್ತಿಲ್ಲ. ಗೋಡೆಯ ಮೇಲೆ ಯಾರೋ ಪೇಟದ ದೊಡ್ಡ ಮನುಷ್ಯರ ಫೋಟೋ, ಅದಕ್ಕೊಂದು ಹಾರ. ಆಯಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡರು. ಹತ್ತಿರ ಕೂತಿದ್ದ ಹುಡುಗಿಯನ್ನು, "ಯಾರು ಹೋಗಿದ್ದವ್ವಾ?" ಅಂತ ಕೇಳಿದರು. ಅಷ್ಟರಲ್ಲಿ ಮೇಜಿನ ಹಿಂದಿದ್ದವರು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿ ಅಂದರು.

ಗೊತ್ತಿಲ್ಲದ ಊರು, ಗೊತ್ತಿಲ್ಲದ ಮನೆ, ಆದರೂ ಸಾವಿನ ಮನೆಗೆ ಬಂದ ಮೇಲೆ ಹಾಗೇ ಎದ್ದು ಹೋಗುವುದು ಧರ್ಮವಲ್ಲ. ಒಂದು ಮೂಲೆಯಲ್ಲಿ ಕೂತು ಸೆರಗು ಬಾಯಿಗಿಟ್ಟುಕೊಂಡು ಅಳುವುದಕ್ಕೆ ಶುರು ಮಾಡಿದರು. ಓದುತ್ತಿದ್ದ ಹುಡುಗರು ಒಬ್ಬೊಬ್ಬರಾಗಿ ಪುಸ್ತಕ ಮುಚ್ಚಿ ಬಂದರು. ಒಬ್ಬ ನೀರು ತಂದುಕೊಟ್ಟ. ಇನ್ನೊಬ್ಬ, "ಅಳಬೇಡಿ ಅಜ್ಜೀ, ಯಾರು ಹೋಗಿದ್ದು?" ಅಂತ ಕೇಳಿದ. "ಅದನ್ನೇ ಕಣಪ್ಪಾ ನಾನೂ ಕೇಳ್ತಿರೋದು" ಅಂದರಂತೆ.

ಸೊಸೆ ಅಷ್ಟು ಹೊತ್ತೂ ಇನ್ನೊಂದು ಕೆಂಪು ಕಟ್ಟಡದಲ್ಲಿ, ಮ್ಯೂಸಿಯಮ್ಮಿನಲ್ಲಿ, ಮುರಿದ ವಿಗ್ರಹಗಳ ಮಧ್ಯೆ ಅತ್ತೆಯನ್ನು ಹುಡುಕುತ್ತಿದ್ದಳು. ಕೊನೆಗೆ ಅಳುವಿನ ದನಿ ಗುರುತು ಹಿಡಿದು ಓಡಿ ಬಂದಳು. ಸೊಸೆಯನ್ನು ಕಂಡ ಕೂಡಲೇ ಅತ್ತೆಗೆ ಧೈರ್ಯ ಬಂದು ಅಳು ಇನ್ನೂ ಜೋರಾಯಿತು. ಅತ್ತೆ ಅಳುವುದನ್ನು ನೋಡಿ, ಊರಿನಿಂದ ಏನೋ ಕೆಟ್ಟ ಸುದ್ದಿ ಬಂದಿದೆ ಅಂತ ಸೊಸೆಯೂ ಅತ್ತಳು.

ಬಸ್ ಸ್ಟ್ಯಾಂಡಿಗೆ ಬಂದವರೇ ಆಯಮ್ಮ ನಲ್ಲಿಯ ಕೆಳಗೆ ತಲೆಗೆ ನೀರು ಹಾಕಿಕೊಂಡರು, ಸೊಸೆಗೂ ಹಾಕಿಸಿದರು. ಯಾರ ಮೈಲಿಗೆಯಾದರೂ ಮೈಲಿಗೆಯೇ. ಅದು ಓದುವ ಜಾಗ ಅಂತ ಸೊಸೆ ಹೇಳಿದ್ದನ್ನು ಅವರು ಒಪ್ಪಲೇ ಇಲ್ಲ. ಒದ್ದೆ ಕೂದಲು ಕೊಡವಿಕೊಂಡು ಬಸ್ಸು ಹತ್ತುತ್ತಾ ನನಗೆ ಹೇಳಿದರು:

"ಸತ್ತೋರು ಭಾರಿ ದೊಡ್ಡ ಮನುಷ್ಯರಿರ್ಬೇಕು ಕಣಪ್ಪಾ. ಅಷ್ಟು ಜನ ಸೇರಿದ್ರು, ಒಬ್ಬರಾದ್ರೂ ಆಸ್ತಿ ಮಾತು ಎತ್ತಲಿಲ್ಲ."

ಕೋಲು ಹಿಡಿದವನು

ತರೀಕೆರೆ ಸ್ಟೇಷನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದ ಸಾಬರೊಬ್ಬರಿದ್ದರು. ಎಲ್ಲರಿಗೂ ಚಾಚಾ. ಬಹಳ ಮೃದು ಮನುಷ್ಯ. ಕುದುರೆಗೆ ಚಾಟಿ ತೋರಿಸುತ್ತಿದ್ದರೇ ಹೊರತು ಮುಟ್ಟಿಸುತ್ತಿರಲಿಲ್ಲ, ಅದಕ್ಕೇ ಅವರ ಗಾಡಿಯಲ್ಲಿ ಕೂತವರು ರೈಲು ತಪ್ಪಿಸಿಕೊಳ್ಳುತ್ತಿದ್ದರು. ಒಂದು ಸಲ ಅವರು ಮಗಳ ಮನೆಗೆ ಅಂತ ಬೆಂಗಳೂರಿಗೆ ಬಂದರು. "ಸಂಜೆ ಪಾರ್ಕಲ್ಲಿ ಪೊಲೀಸ್ ಬ್ಯಾಂಡ್ ಬಾರಿಸ್ತಾರಂತೆ ಚಾಚಾ, ಪುಕ್ಕಟೆ, ಹೋಗಿ ಕೇಳಿ" ಅಂದೆ. ಅವರಿಗೆ ಮದುವೆ ಬ್ಯಾಂಡ್ ಅಂದರೆ ಪ್ರಾಣ.

ಮರುದಿನ ಬಂದವರು ಮಂಕಾಗಿದ್ದರು. ಚೆನ್ನಾಗಿ ಬಾರಿಸಲಿಲ್ಲವೇ ಅಂದೆ.

"ಬಾರಿಸಿದ್ದು ಚೆನ್ನಾಗೇ ಬಾರಿಸಿದ್ರು. ಆದ್ರೆ ಪಾಪ, ಹೆದರ್ಕೊಂಡು ಬಾರಿಸ್ತಾ ಇದ್ರು," ಅಂದರು. "ಅವರೆಲ್ಲಾ ಕೂತಿದ್ದಾರೆ, ಮುಂದೆ ಒಬ್ಬ ದೊಡ್ಡ ಪೊಲೀಸು ನಿಂತಿದ್ದಾನೆ, ಕೈಯಲ್ಲಿ ಕೋಲು. ಕೋಲು ಎತ್ತಿದ್ರೆ ಎಲ್ಲರೂ ಜೋರಾಗಿ ಊದ್ತಾರೆ. ಇಳಿಸಿದ್ರೆ ಮೆತ್ತಗೆ ಊದ್ತಾರೆ. ಯಾವನೋ ಒಬ್ಬನ ಕಡೆ ಕೋಲು ತೋರಿಸ್ದ, ಅವನು ಗಾಬರಿಯಾಗಿ ಢಣ್ ಅಂತ ಬಾರಿಸಿಬಿಟ್ಟ. ನಾನು ಇಷ್ಟು ವರ್ಷ ಗಾಡಿ ಹೊಡೆದಿದ್ದೀನಿ, ಒಂದು ದಿನಾನೂ ಕುದುರೆ ಮುಖದ ಮುಂದೆ ನಿಂತು ಹಂಗೆ ಚಾಟಿ ಆಡಿಸಿಲ್ಲ."

"ಆಮೇಲೆ?"

"ಪಕ್ಕದಲ್ಲಿ ಕೂತಿದ್ದವರನ್ನ ಕೇಳ್ದೆ, ಯಾರು ಅವನು ಅಂತ. ಕಂಡಕ್ಟರ್ ಅಂದ್ರು. ಅದನ್ನ ಕೇಳಿ ನನಗೆ ಧೈರ್ಯ ಬಂತು. ಸೀದಾ ಮೆಟ್ಟಿಲು ಹತ್ತಿ ಹೋಗಿ ಸಲಾಂ ಮಾಡಿ, 'ಸ್ವಾಮೀ, ನಾನು ಅಜ್ಜಂಪುರದ ಬಸ್ಸಿನ ಕಂಡಕ್ಟರ್ ಕಡೆಯೋನು, ನಿಮ್ಮವರೇ, ನಮ್ಮ ಮುಖ ನೋಡಿ ಇವರನ್ನ ಬಿಟ್ಟುಬಿಡಿ' ಅಂದೆ."

ನಾನು ಟಿಕೆಟ್ ಹರಿಯುವುದು ಬಿಟ್ಟು ಕೇಳಿದೆ: "ಅವರು ಏನಂದ್ರು ಚಾಚಾ?"

"ಅವರಿಗೆ ಏನೂ ತಿಳೀಲಿಲ್ಲ ಅನ್ಸುತ್ತೆ. ಕೋಲು ಎತ್ತಿದ್ದ ಕೈ ಹಂಗೇ ಮೇಲೇ ಉಳೀತು. ಕೈ ಇಳಿಸಲಿಲ್ಲ ಅಂತ ಇವರೂ ಊದೋದು ನಿಲ್ಲಿಸ್ಲಿಲ್ಲ. ಉಸಿರು ಕಟ್ಟಿ ಎಲ್ಲರ ಮುಖ ಕೆಂಪಗಾಗಿತ್ತು. ಕೊನೆಗೆ ನಾನೇ ಮೆಲ್ಲಗೆ ಅವರ ಕೈ ಹಿಡಿದು ಕೆಳಗಿಳಿಸ್ದೆ. ಜನ ಎಲ್ಲಾ ಚಪ್ಪಾಳೆ ಹೊಡೆದ್ರು. ಕೆಳಗೆ ಇಳಿದು ಬರುವಾಗ ದೊಡ್ಡ ತುತ್ತೂರಿ ಹಿಡಿದಿದ್ದವನೊಬ್ಬ ನನ್ನ ಕಿವೀಲಿ ಹೇಳ್ದ, 'ಚಾಚಾ, ಮುಂದಿನ ವಾರಾನೂ ಬನ್ನಿ' ಅಂತ."

ನನ್ನ ಹೆಂಡತಿಗೆ ತೋರಿಸಿದ್ದು

ಇಷ್ಟೆಲ್ಲ ಜನರಿಗೆ ಬೆಂಗಳೂರು ತೋರಿಸುವವನು ಸ್ವಂತ ಹೆಂಡತಿಗೆ ತೋರಿಸಿಲ್ಲ ಅಂತ ಮನೆಯಲ್ಲಿ ಮಾತು ಬಂತು. ಒಂದು ಸಲ ಕರೆದುಕೊಂಡು ಹೋದೆ. ವಿಧಾನಸೌಧ ಅವಳಿಗೆ ಮೊದಲೇ ಗೊತ್ತಿತ್ತು, ಕ್ಯಾಲೆಂಡರಿನಲ್ಲಿ ನೋಡಿದ್ದಳು. ಅದರ ಮುಂದೆ ನಿಂತು ಕಣ್ತುಂಬ ನೋಡಿದ್ದಾಯಿತು. ಅಲ್ಲೊಬ್ಬ ಕಡಲೆಕಾಯಿ ಮಾರುವವನಿದ್ದ, ಅವನ ಹತ್ತಿರ ಒಂದು ಪೊಟ್ಟಣ ತಗೊಂಡು ತಿನ್ನುತ್ತಾ ಹೊರಟೆವು.

ತಿರುವಿನಲ್ಲಿ ತಿರುಗಿದೆವು. ಇನ್ನೊಂದು ಭಾರಿ ಕಲ್ಲಿನ ಕಟ್ಟಡ. "ಇದ್ಯಾವುದ್ರೀ?" ಅಂದಳು. ನನಗೂ ಗೊತ್ತಿಲ್ಲ. "ಇದು ಸೆಕ್ರೆಟೇರಿಯೆಟ್ಟು" ಅಂದೆ. ಇನ್ನೊಂದು ತಿರುವು. ಮತ್ತೊಂದು ಅಂಥದೇ ಕಟ್ಟಡ. ಈ ಬೆಂಗಳೂರಿನವರು ಎಷ್ಟು ಕಲ್ಲು ತಂದಿದ್ದಾರಪ್ಪಾ ಅಂತ ನನಗೇ ಆಶ್ಚರ್ಯವಾಯಿತು. "ಇದು ದೊಡ್ಡ ಪೋಸ್ಟಾಫೀಸು ಇರ್ಬೇಕು" ಅಂದೆ. ಅವಳು ಎಲ್ಲದಕ್ಕೂ ಹೂಂಗುಟ್ಟುತ್ತಾ ಬಂದಳು. ಊರಿಗೆ ಹೋಗಿ ಹೇಳಬೇಕಲ್ಲ ಅಂತ ಹೆಸರುಗಳನ್ನು ಬಾಯಿಪಾಠ ಬೇರೆ ಮಾಡುತ್ತಿದ್ದಳು.

ಮತ್ತೆರಡು ತಿರುವು ದಾಟಿ, "ಇದು ನೋಡು, ರಾಜ್ಯಪಾಲರ ಮನೆ" ಅಂದೆ. ಅವಳು ಕಟ್ಟಡ ನೋಡಲಿಲ್ಲ.

"ಏನ್ರೀ, ಆ ಕಡಲೆಕಾಯಿಯೋನು ಇಲ್ಲೂ ಅವ್ನಲ್ಲ?"

ಅಷ್ಟರಲ್ಲಿ ಕಡಲೆಕಾಯಿಯವನು ನಮ್ಮ ಗುರುತು ಹಿಡಿದ. ಬಹಳ ಭಕ್ತಿಯಿಂದ, "ಒಂದು ಸುತ್ತು ಆಯ್ತಾ ಅಮ್ಮಾ? ಪ್ರದಕ್ಷಿಣೆ ಹರಕೆ ಹೊತ್ತಿದ್ದೀರಾ?" ಅಂದ.

ಹೆಂಡತಿ ನನ್ನ ಮುಖ ನೋಡಿ ಅಂದಳು: "ಹೂಂ ಕಣಪ್ಪಾ, ಇವರಿಗೆ ಬುದ್ಧಿ ಬರ್ಲಿ ಅಂತ."

ಯಾವ ಕಡೆಯವರು?

ಕಡೂರಿನಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ಯಜಮಾನರೊಬ್ಬರಿದ್ದರು. ಹಣೆಯ ತುಂಬ ವಿಭೂತಿ, ಬಿಳಿ ಪಂಚೆ, ಕ್ಲೋಸ್ ಕೋಟು, ತಲೆಗೆ ರುಮಾಲು. ಕಡೂರು ಪೇಟೆಯಲ್ಲಿ ಅಣ್ಣತಮ್ಮಂದಿರು ಜಗಳವಾಡಿದರೆ ಇವರನ್ನೇ ಕರೆಯುತ್ತಿದ್ದರು. ಇವರು ಬಂದು ಕೂತು ಒಂದು ಸಲ ಕೆಮ್ಮಿದರೆ ಅರ್ಧ ಜಗಳ ಇಳಿಯುತ್ತಿತ್ತು. ಅವರು ಯಾವುದೋ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದರು. ಹೋಟೆಲಿನಲ್ಲಿ ಉಣ್ಣುವುದು ಅವರಿಗೆ ಸೇರುತ್ತಿರಲಿಲ್ಲ. "ಬಸ್ ಸ್ಟ್ಯಾಂಡ್ ಹಿಂದಿನ ಬೀದಿ ಕೊನೇಲಿ ಒಂದು ಮಠ ಇದೆ ಯಜಮಾನ್ರೇ, ಮಧ್ಯಾಹ್ನ ದಾಸೋಹ ನಡೆಯುತ್ತೆ. ಯಾರು ಹೋದ್ರೂ ಊಟ" ಅಂದೆ. ಇದು ಮಾತ್ರ ನನಗೆ ಖಂಡಿತ ಗೊತ್ತಿದ್ದ ಸಂಗತಿ. ಆದರೆ ಮಠದ ಪಕ್ಕದಲ್ಲೇ ಅದಕ್ಕಿಂತ ದೊಡ್ಡ ಬಾಗಿಲಿನ ಛತ್ರ ಇರುವುದು ಗೊತ್ತಿರಲಿಲ್ಲ.

ಮರುದಿನ ಬಸ್ಸು ಬಿಡುವ ಹೊತ್ತಿಗೆ ಯಜಮಾನರು ಬಂದರು. ಕೈಯಲ್ಲಿ ತಾಂಬೂಲದ ಚೀಲ, ಮೈಮೇಲೆ ಪನ್ನೀರಿನ ವಾಸನೆ. ಬಸ್ಸು ತುಮಕೂರು ದಾಟಿದ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು.

ಅವರು ಹೊಕ್ಕಿದ್ದು ಛತ್ರಕ್ಕೆ. ಬಾಗಿಲಲ್ಲಿ ಬಾಳೆಕಂಬ, ಒಳಗೆ ವಾಲಗ. ಮಠದಲ್ಲಿ ಯಾರೋ ಮದುವೆ ಇಟ್ಟುಕೊಂಡಿದ್ದಾರೆ ಅಂದುಕೊಂಡರು. ನಮ್ಮ ಕಡೆ ಮಠಗಳಲ್ಲಿ ಮದುವೆ ಆಗುವುದೇನು ಹೊಸದಲ್ಲ. ಪನ್ನೀರು ಚಿಮುಕಿಸುತ್ತಿದ್ದ ಹುಡುಗಿ, "ಹೆಣ್ಣಿನ ಕಡೆಯೋರಾ, ಗಂಡಿನ ಕಡೆಯೋರಾ?" ಅಂತ ಕೇಳಿದಳು. ಊಟಕ್ಕೆ ಗಂಡಸರದು ಹೆಂಗಸರದು ಬೇರೆ ಬೇರೆ ಪಂಕ್ತಿ ಇರಬೇಕು, ಆದರೂ ನನ್ನನ್ನು ನೋಡಿ ಇವಳಿಗೆ ತಿಳಿಯಬಾರದೇ ಅಂತ ಯಜಮಾನರಿಗೆ ಸೋಜಿಗ. "ಗಂಡಿನ ಕಡೇನೇ ಕಣಮ್ಮಾ" ಅಂದರು. ಕೂಡಲೇ ಅವರನ್ನು ಮುಂದಿನ ಸೋಫಾದ ಮೇಲೆ ಕೂರಿಸಿ ಕಾಫಿ ಕೊಟ್ಟರು.

ಕೂತರು, ಕೂತರು, ಊಟದ ಸುಳಿವಿಲ್ಲ. ಹಸಿವು ಏರುತ್ತಿದೆ. ವಾಲಗವೂ ನಿಂತಿತು. ಪಕ್ಕದವರನ್ನು ಯಾಕೆ ಅಂತ ಕೇಳಿದರು. ಗಂಡಿನ ಸೋದರಮಾವ ಸಿಟ್ಟು ಮಾಡಿಕೊಂಡು ಒಳಗೆ ರೂಮಿನಲ್ಲಿ ಕೂತಿದ್ದಾರಂತೆ. ಬೆಳಗ್ಗೆ ಬಂದಾಗ ಹೆಣ್ಣಿನ ಕಡೆಯವರು ಒಬ್ಬರೂ ಅವರಿಗೆ ಬನ್ನಿ ಅನ್ನಲಿಲ್ಲವಂತೆ. ಅವರು ಬರದೆ ತಾಳಿ ಕಟ್ಟಿಸುವುದಿಲ್ಲ ಅಂತ ಗಂಡಿನ ತಂದೆ ಹಟ ಹಿಡಿದಿದ್ದಾರೆ. ಹೆಣ್ಣಿನ ತಂದೆ ಆ ರೂಮಿನ ಹತ್ತಿರ ಹೋಗುವುದಕ್ಕೇ ಹೆದರಿ ಕಂಬ ಹಿಡಿದು ನಿಂತಿದ್ದಾರೆ. ಮುಹೂರ್ತ ಮೀರುತ್ತಿದೆ. ಹಸೆಮಣೆಯ ಮೇಲೆ ಮದುವಣಗಿತ್ತಿ ಕಣ್ಣೀರು ಒರೆಸಿಕೊಳ್ಳುತ್ತಿದ್ದಾಳೆ.

ಯಜಮಾನರಿಗೆ ಆ ಹುಡುಗಿಯ ಮುಖ ನೋಡಿ ಸುಮ್ಮನೆ ಕೂರಲಾಗಲಿಲ್ಲ. ಎದ್ದವರೇ ಸೀದಾ ಆ ರೂಮಿಗೆ ಹೋಗಿ, ಎದುರಿಗೆ ನಿಂತು, ಒಂದು ಸಲ ಕೆಮ್ಮಿದರು. ಸೋದರಮಾವ ತಲೆ ಎತ್ತಿದ. ಈ ರುಮಾಲು, ಈ ವಿಭೂತಿ ನೋಡಿ, ಹೆಣ್ಣಿನ ಕಡೆಯ ದೊಡ್ಡ ಹಿರಿಯರೇ ಬಂದರು ಅಂತ ತಾನೇ ಎದ್ದು ನಿಂತ.

"ಏನಪ್ಪಾ ಇದು?" ಅಂದರು ಯಜಮಾನರು. "ಎಂಥಾ ಜಾಗದಲ್ಲಿ ಎಂಥಾ ಕೆಲಸ? ಸ್ವಾಮಿಗಳ ಕಿವಿಗೆ ಬಿದ್ರೆ ಏನಂದ್ಕೊಂಡಾರು? ನಡಿ, ಮೊದ್ಲು ಆ ಮಗೂಗೆ ಅಕ್ಷತೆ ಹಾಕು."

ಸೋದರಮಾವನಿಗೆ ಕೇಳಿಸಿದ್ದು ಸ್ವಾಮಿಗಳು ಅನ್ನುವ ಒಂದೇ ಮಾತು. "ಸ್ವಾಮಿಗಳು ಬಂದವ್ರಾ?" ಅಂದ. "ಇಲ್ದೆ ಎಲ್ಲಿ ಹೋಗ್ತಾರೆ? ಇಲ್ಲೇ ಇರ್ತಾರೆ" ಅಂದರು ಇವರು. ಅಷ್ಟೇ ಸಾಕಾಯಿತು. ಸ್ವಾಮಿಗಳು ಬಂದಿದ್ದಾರಂತೆ ಅನ್ನುವ ಸುದ್ದಿ ಛತ್ರದ ತುಂಬ ಹರಡಿತು. ಗಂಡಿನ ತಂದೆ ಶಲ್ಯ ಸರಿಮಾಡಿಕೊಂಡರು. ಇಸ್ಪೀಟು ಆಡುತ್ತಿದ್ದವರು ಎಲೆಗಳನ್ನು ಜಮಖಾನದ ಕೆಳಗೆ ತಳ್ಳಿದರು. ಸೋದರಮಾವ ತಲೆ ಬಾಚಿಕೊಂಡು ಎಲ್ಲರಿಗಿಂತ ಮುಂದೆ ಬಂದು ನಿಂತ. ವಾಲಗ ಮೊಳಗಿತು, ಕೊರಳಿಗೆ ತಾಳಿ ಬಿತ್ತು. ಯಜಮಾನರೂ ಕಣ್ತುಂಬಿಕೊಂಡು ಅಕ್ಷತೆ ಹಾಕಿದರು, ಮೊದಲ ಪಂಕ್ತಿಯಲ್ಲಿ ಕೂತು ಹೋಳಿಗೆ ಊಟ ಮಾಡಿದರು.

ಕೈ ತೊಳೆದು ಬಂದರೆ ಎರಡೂ ಕಡೆಯವರು ಅವರಿಗಾಗಿ ಕಾಯುತ್ತಿದ್ದಾರೆ. "ಸ್ವಾಮಿಗಳು ಎಲ್ಲಿ? ಪಾದಪೂಜೆ ಮಾಡ್ಬೇಕು" ಅಂದರು ಹೆಣ್ಣಿನ ತಂದೆ.

"ನನ್ನ ಕೇಳ್ತೀರಲ್ಲ? ಮಠದೋರು ನೀವು" ಅಂದರು ಇವರು.

"ಮಠ ಪಕ್ಕದ್ದು. ಇದು ಛತ್ರ."

ಹೆಣ್ಣಿನ ತಂದೆ ಮೆಲ್ಲಗೆ ಕೇಳಿದರು: "ತಾವು ಗಂಡಿನ ಕಡೆಯೋರು ಅಂತ ಬಾಗ್ಲಲ್ಲಿ ಹೇಳಿದ್ರಂತೆ?"

"ಅಲ್ಲ ಸ್ವಾಮೀ, ನಾನು ಗಂಡಸು ಅಂತ ಹೇಳ್ದೆ."

ಹೆಣ್ಣಿನ ತಂದೆ ನಗುವುದಕ್ಕೆ ಶುರು ಮಾಡಿದರು, ಗಂಡಿನ ತಂದೆಯೂ ನಕ್ಕರು. ಬೆಳಗ್ಗಿನಿಂದ ಮುಖ ನೋಡದ ಬೀಗರು ಒಬ್ಬರ ಹೆಗಲ ಮೇಲೆ ಒಬ್ಬರು ಕೈಹಾಕಿಕೊಂಡು ನಕ್ಕರು. ನಗದೇ ಇದ್ದವನು ಸೋದರಮಾವ ಒಬ್ಬನೇ. ಅವನು ಏನೋ ಲೆಕ್ಕ ಹಾಕುತ್ತಿದ್ದ.

"ಹಂಗಾದ್ರೆ ನನ್ನನ್ನ ಕರೆಯೋಕೆ ಹೆಣ್ಣಿನ ಕಡೆಯೋರು ಒಬ್ಬರೂ ಬರ್ಲಿಲ್ಲ ಅಂತಾಯ್ತು" ಅಂದವನೇ ತಿರುಗಿ ಆ ರೂಮಿನ ಕಡೆ ನಡೆದ.

ಹೆಣ್ಣಿನ ತಂದೆ ಗಾಬರಿಯಾಗಿ ಯಜಮಾನರ ಮುಖ ನೋಡಿದರು. ಯಜಮಾನರು ತಾಂಬೂಲದ ಚೀಲ ಎತ್ತಿಕೊಂಡು, ಚಪ್ಪಲಿ ಮೆಟ್ಟಿ, ಬಾಗಿಲಲ್ಲೇ ನಿಂತು ಹೇಳಿದರಂತೆ:

"ಈ ಸಲ ಮಠದಿಂದ ಯಾರನ್ನಾದ್ರೂ ಕರ್ಸಿಕೊಳ್ಳಿ. ನನಗೆ ಊಟ ಆಯ್ತು."